ಕೊಲಂಬೋ ದಾರಿಯಾಗಿ ಗುಂಡ್ಲುಪೇಟೆಗೆ

ದಕ್ಷಿಣ ಭಾರತದ ಭೂಪಟವನ್ನು ಮುಂದಿಟ್ಟುಕೊಂಡು ಗುಂಡ್ಲುಪೇಟೆಯ ಮೇಲೆ ಬೆರಳಿಡಿ. ಅಲ್ಲಿಂದ ಬೆಂಗಳೂರು ರಸ್ತೆಯಲ್ಲಿ ಸುಮಾರು 200 ಕಿ.ಮೀ. ದೂರ. ಸಮುದ್ರದಾಚೆಯ ಕೊಲಂಬೋ ನೇರ ಗೆರೆ ಎಳೆದರೂ 600 ಕಿ.ಮೀ. ದಾಟುತ್ತದೆ. ಆದರೂ 1950ರ ದಶಕದಲ್ಲಿ ಚಾಮರಾಜನಗರ, ಗುಂಡ್ಲುಪೇಟೆಗಳಲ್ಲಿ ರೇಡಿಯೋ ಇದ್ದ ಮನೆಯವರಿಗೆ ಸಿನಿಮಾ ಹಾಡು ಬೇಕೆಂದರೆ ಹತ್ತಿರದ ನಿಲಯ ಬಿಟ್ಟು ಮುಳ್ಳನ್ನು ಕೊಲಂಬೋಗೆ ತಿರುಗಿಸಬೇಕಿತ್ತು. ನಮ್ಮ ಹಾಡು ಪರದೇಶ ಸುತ್ತಿ ಬರಬೇಕಾದದ್ದೇಕೆ?

ಕಾರಣ ದೆಹಲಿಯಲ್ಲಿತ್ತು. 1952ರಲ್ಲಿ ವಾರ್ತಾ ಮತ್ತು ಪ್ರಸಾರ ಸಚಿವರಾದ ಬಿ.ವಿ. ಕೇಸ್ಕರ್ ಅವರಿಗೆ ಚಿತ್ರಗೀತೆಗಳು ಅಭಿರುಚಿ ಕೆಡಿಸುತ್ತವೆಂಬ ದೃಢ ನಂಬಿಕೆ. ಆಕಾಶವಾಣಿಯಲ್ಲಿ ಅವುಗಳ ಸಮಯ ಕಡಿತವಾಯಿತು. ಚಿತ್ರದ ಹೆಸರು ಹೇಳಿದರೆ ಜಾಹೀರಾತಾಗುತ್ತದೆಂದು ಅದನ್ನೂ ನಿಲ್ಲಿಸಿದರು. ಸಿಟ್ಟಾದ ನಿರ್ಮಾಪಕರು ಪ್ರಸಾರದ ಹಕ್ಕನ್ನೇ ಹಿಂತೆಗೆದುಕೊಂಡರು. ಸರ್ಕಾರಿ ವಾಹಿನಿಯಲ್ಲಿ ದುಡಿಯುವ ನಾನು ಇದನ್ನು ಮರೆಮಾಚಿ ಬರೆಯಲಾರೆ: ಜನರಿಗೆ ಯಾವುದು ಒಳ್ಳೆಯದೆಂದು ಕಚೇರಿಯಲ್ಲಿ ಕುಳಿತು ತೀರ್ಮಾನಿಸಿದ ಪ್ರಸಂಗವಿದು. ಅದೇ ಕೇಸ್ಕರ್ ಕಾಲದಲ್ಲಿ ಶಾಸ್ತ್ರೀಯ ಸಂಗೀತದ ರಾಷ್ಟ್ರೀಯ ಕಾರ್ಯಕ್ರಮ ಆರಂಭವಾಗಿ ಅನೇಕ ವಿದ್ವಾಂಸರು ಮನೆಮಾತಾದರು ಎಂಬುದನ್ನೂ ಹೇಳಬೇಕು. ಆದರೆ ಕೇಳುಗರು ಕಾಯಲಿಲ್ಲ. ಅಂಚೆಕಚೇರಿಯಲ್ಲಿ ಕಟ್ಟುವ ಲೈಸೆನ್ಸ್ ಹಣ ಸರ್ಕಾರಕ್ಕೆ, ಕಿವಿ ಮಾತ್ರ ಕೊಲಂಬೋಗೆ!

ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷರು ಸಿಲೋನಿನಲ್ಲಿ ಸೈನಿಕರಿಗಾಗಿ ಶಕ್ತಿಶಾಲಿ ಶಾರ್ಟ್‌ವೇವ್ ಪ್ರೇಷಕವೊಂದನ್ನು ನಿಲ್ಲಿಸಿದ್ದರು. ಯುದ್ಧ ಮುಗಿದ ಮೇಲೆ ಅದು ರೇಡಿಯೋ ಸಿಲೋನ್ ಪಾಲಾಯಿತು. ಶಾರ್ಟ್‌ವೇವ್ ಅಲೆ ನೆಲಕ್ಕಂಟಿ ಹೋಗುವುದಿಲ್ಲ. ಸುಮಾರು 100ರಿಂದ 300 ಕಿ.ಮೀ. ಎತ್ತರದಲ್ಲಿರುವ ಅಯಾನುಗೋಳದಲ್ಲಿ ಬಾಗಿ ಮತ್ತೆ ನೆಲಕ್ಕಿಳಿಯುತ್ತದೆ. ಬಿಳಿಗಿರಿರಂಗನ ಬೆಟ್ಟ, ಗೋಪಾಲಸ್ವಾಮಿ ಬೆಟ್ಟ, ಪಾಕ್ ಜಲಸಂಧಿ, ಸುಂಕದ ಕಟ್ಟೆ ಯಾವುದೂ ಅದಕ್ಕೆ ಅಡ್ಡಿಯಲ್ಲ. ಹಾಡು ಒಮ್ಮೆ ಉಬ್ಬಿ ಒಮ್ಮೆ ಕುಗ್ಗುತ್ತಿತ್ತೆಂದು ಹಿರಿಯರು ಹೇಳುತ್ತಾರಲ್ಲ, ಅದು ಪೆಟ್ಟಿಗೆಯ ದೋಷವಲ್ಲ. ಬೇರೆ ಬೇರೆ ದಾರಿಯಲ್ಲಿ ಬಂದ ಅಲೆಗಳು ಒಮ್ಮೆ ಕೂಡಿ, ಒಮ್ಮೆ ಒಂದನ್ನೊಂದು ಅಳಿಸುತ್ತಿದ್ದವು. ಇನ್ನೂ ಸ್ವಾರಸ್ಯವೆಂದರೆ, 1952ರಲ್ಲೇ ಆರಂಭವಾದ ಅಮೀನ್ ಸಯಾನಿಯವರ ಬಿನಾಕಾ ಗೀತಮಾಲಾ ಸಿದ್ಧವಾಗುತ್ತಿದ್ದುದು ಮುಂಬಯಿಯಲ್ಲಿ. ಭಾರತದ ಹಾಡು, ಭಾರತದ ಮಾತು, ಧ್ವನಿಸುರುಳಿಯಾಗಿ ಕೊಲಂಬೋಗೆ ಹೋಗಿ ಆಕಾಶಮಾರ್ಗವಾಗಿ ಭಾರತಕ್ಕೇ ಮರಳುತ್ತಿತ್ತು.

ಈ ಸೀಮೆಗೆ ಇನ್ನೊಂದು ಪೆಟ್ಟೂ ಬಿದ್ದಿತ್ತು. ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಕಟ್ಟಿದ ಮೈಸೂರಿನ ಬಾನುಲಿ ನಿಲಯ ಗುಂಡ್ಲುಪೇಟೆಗೆ 60 ಕಿ.ಮೀ. ದೂರದಲ್ಲಿತ್ತು. 1955ರಲ್ಲಿ ಅದು ಬೆಂಗಳೂರಿಗೆ ಹೋಯಿತು.

ಗಡಿಗಳ ಮಾತು ಬಂದಾಗ ಹಾಡುವವರನ್ನೂ ನೋಡಿ. ರಾಜ್‌ಕುಮಾರ್ ಹುಟ್ಟಿದ ಗಾಜನೂರು ಚಾಮರಾಜನಗರಕ್ಕೆ ಅಂಟಿಕೊಂಡಂತಿದ್ದರೂ ಇಂದು ತಮಿಳುನಾಡಿನಲ್ಲಿದೆ. 1974ರ 'ಸಂಪತ್ತಿಗೆ ಸವಾಲ್' ತನಕ ಪರದೆಯ ಮೇಲೆ ಅವರ ಬಹುಪಾಲು ಹಾಡುಗಳಿಗೆ ದನಿ ಕೊಟ್ಟವರು ಕಾಕಿನಾಡದ ಪಿ.ಬಿ. ಶ್ರೀನಿವಾಸ್. ತೆಲುಗು ನಾಡಿನವರ ಕಂಠವನ್ನು ನಮ್ಮ ಹಳ್ಳಿಗಳು ಅಣ್ಣಾವ್ರ ಕಂಠವೆಂದೇ ಒಪ್ಪಿದವು. ಕನ್ನಡದಲ್ಲೂ ಹಾಡಿದ ಕೆ. ಜಮುನಾರಾಣಿ 1953ರಲ್ಲಿ ಸಿಂಹಳ ಭಾಷೆಯ 'ಸುಜಾತಾ' ಚಿತ್ರಕ್ಕೆ ಹಾಡಿ ಸಮುದ್ರ ದಾಟಿದರು. ಕೊಲಂಬೋದಿಂದ ಹಾಡು ಬಂದದ್ದಷ್ಟೇ ಅಲ್ಲ, ಇಲ್ಲಿಂದ ಹೋದದ್ದೂ ಉಂಟು.

ಕೊನೆಗೆ ದೆಹಲಿಯೇ ಮಣಿಯಿತು. 1957ರ ಅಕ್ಟೋಬರ್ 3ರಂದು ವಿವಿಧ ಭಾರತಿ ಆರಂಭವಾಯಿತು. ಆಗ ಸಚಿವರು ಅದೇ ಕೇಸ್ಕರ್! ಆದರೂ ಸಿಲೋನ್ ಕೇಳುವ ರೂಢಿ ಬಹುಕಾಲ ಬಿಡಲಿಲ್ಲ.

ನಿಮ್ಮ ಅಟ್ಟದಲ್ಲೋ ನೆಂಟರ ಮನೆಯಲ್ಲೋ ಹಳೆಯ ವಾಲ್ವ್ ರೇಡಿಯೋ ಇದ್ದರೆ ಧೂಳು ಒರೆಸಿ ಅದರ ಗಾಜಿನ ಫಲಕ ನೋಡಿ. 25, 31, 41 ಎಂಬ ಅಂಕಿಗಳು ಕಾಣುತ್ತವೆ. ಅವು ಮೀಟರ್ ಲೆಕ್ಕದ ಅಲೆಯುದ್ದಗಳು. ಸಿಲೋನ್ ಯಾವುದರ ಹತ್ತಿರ ಸಿಗುತ್ತಿತ್ತೆಂದು ಮನೆಯ ಅಜ್ಜ ಅಜ್ಜಿಯರನ್ನು ಕೇಳಿ, ಬರೆದಿಟ್ಟುಕೊಳ್ಳಿ.