25 ಕರೆಂಟು, 15 ಕರೆಂಟು

ಭಾಗ 1/5
ಫೋಟೋದಲ್ಲಿರೋದು ನಮ್ಮ ದೊಡ್ಡಮ್ಮನ ಆಸ್ಪತ್ರೆ ಕಾರ್ಡು, 2011ರದ್ದು. ಹೆಸರು, ನಂಬರ್ ಮುಚ್ಚಿದೀನಿ. ಎಣಿಸಿ ನೋಡಿ: 25 ದಿನಾಂಕ, 25 ಸಹಿ. ಎದೆಯ ಕ್ಯಾನ್ಸರ್ ಆಪರೇಷನ್ ಆದಮೇಲೆ ಬೆಂಗಳೂರಲ್ಲಿ ರೇಡಿಯೇಷನ್ ಕೊಡಿಸಿದ ಲೆಕ್ಕ ಅದು. ನಮ್ಮ ಎಚ್.ಡಿ. ಪುರದ ಕಡೆ ರೇಡಿಯೇಷನ್ ಅನ್ನಲ್ಲ, "ಕರೆಂಟ್ ಕೊಡಿಸೋದು" ಅಂತಾರೆ.

ಸೋಮವಾರದಿಂದ ಶುಕ್ರವಾರ, ಐದು ವಾರ. ದಿನಕ್ಕೆ ಮಷೀನ್ ಕೆಳಗೆ ಮಲಗೋದು ಕೆಲವೇ ನಿಮಿಷ. ಅದಕ್ಕೋಸ್ಕರ ಊರಿಂದ ಸುಮಾರು 200 ಕಿ.ಮೀ. ದೂರದಲ್ಲಿ ರೂಮ್ ಮಾಡ್ಕೊಂಡು ಇರಬೇಕು. ದೊಡ್ಡಪ್ಪ ಆ ವರ್ಷ ಅಡಿಕೆ ತೋಟ ಖೇಣಿಗೆ ಕೊಟ್ಟು ಜೊತೆಗೆ ಹೋದ್ರು.

ಈಗ ನಮ್ಮ ಬೀದಿಯ ಒಬ್ಬ ಅತ್ತೆಗೆ ಅದೇ ಕಾಯಿಲೆ. ಡಾಕ್ಟರ್ 15 ಸಲ ಸಾಕು ಅಂದಿದಾರೆ. ಅತ್ತೆಗೆ ಖುಷಿ ಆಗೋ ಬದಲು ಅನುಮಾನ. "ನಿನಗೆ 25, ನನಗೆ ಯಾಕೆ 15? ಸರ್ಕಾರಿ ಕಾರ್ಡಿನೋಳು ಅಂತ ಕಮ್ಮಿ ಕೊಡ್ತಾರಾ?" ದೊಡ್ಡಮ್ಮನ ಹತ್ರ ಉತ್ತರ ಇರಲಿಲ್ಲ. ನನ್ನ ಕಡೆ ನೋಡಿದ್ರು. ನಾನು ಓದೋದು ಹಿಸ್ಟರಿ. ಸರಿ, ಹಿಸ್ಟರಿಯಲ್ಲೇ ಹುಡುಕಿದೆ.

ಭಾಗ 2/5
1895ರ ನವೆಂಬರ್ 8. ಜರ್ಮನಿಯ ವುರ್ಟ್ಸ್‌ಬರ್ಗ್‌ನಲ್ಲಿ ರಾಂಟ್ಜೆನ್ ಎಕ್ಸ್-ರೇ ಕಂಡುಹಿಡಿದ. ಮುಂದಿನ ವರ್ಷವೇ ವೈದ್ಯರು ಅದನ್ನ ಕ್ಯಾನ್ಸರ್ ಮೇಲೆ ಪ್ರಯೋಗ ಮಾಡೋಕೆ ಶುರು ಮಾಡಿದ್ರು. 1898ರಲ್ಲಿ ಮೇರಿ ಮತ್ತು ಪಿಯರ್ ಕ್ಯೂರಿ ರೇಡಿಯಂ ಕಂಡುಹಿಡಿದ್ರು. ಗಡ್ಡೆ ಕರಗೋದೇನೋ ಕರಗ್ತಿತ್ತು, ಆದ್ರೆ ದೊಡ್ಡ ಡೋಸ್ ಒಂದೇ ಸಲಕ್ಕೆ ಕೊಟ್ಟರೆ ಚರ್ಮ ಸುಟ್ಟು ಹುಣ್ಣಾಗ್ತಿತ್ತು.

ಇದಕ್ಕೆ ದಾರಿ ತೋರಿಸಿದ್ದು ಟಗರು! ಕುರಿ ಸಾಕೋ ನಮ್ಮ ಜಿಲ್ಲೆಯವರಿಗೆ ಇದು ಇಷ್ಟ ಆಗುತ್ತೆ. ಪ್ಯಾರಿಸ್‌ನ ರೇಡಿಯಂ ಇನ್‌ಸ್ಟಿಟ್ಯೂಟಿನಲ್ಲಿ ಕ್ಲಾಡಿಯಸ್ ರಿಗೋ ಅನ್ನೋ ವಿಜ್ಞಾನಿ ಟಗರಿನ ಬೀಜಕ್ಕೆ ಎಕ್ಸ್-ರೇ ಕೊಟ್ಟು ನೋಡಿದ. ಅಲ್ಲಿಯ ಜೀವಕೋಶಗಳು ಕ್ಯಾನ್ಸರ್ ಕೋಶಗಳ ಹಾಗೆ ಸದಾ ಒಡೆದು ಬೆಳೀತಾನೇ ಇರ್ತವೆ. ಟಗರಿನ ಸಂತಾನಶಕ್ತಿ ಹೋಗೋಷ್ಟು ಡೋಸ್ ಒಂದೇ ಸಲ ಕೊಟ್ಟರೆ ಮೇಲಿನ ಚರ್ಮ ಸುಟ್ಟು ಹೋಗ್ತಿತ್ತು. ಅದನ್ನೇ ಹಂಚಿ ಹಲವು ದಿನ ಕೊಟ್ಟಾಗ ಶಕ್ತಿ ಹೋಯ್ತು, ಚರ್ಮ ಉಳೀತು. 1920ರ ದಶಕದಲ್ಲಿ ಅದೇ ಸಂಸ್ಥೆಯ ಡಾ. ಆನ್ರಿ ಕುಟಾರ್ ಈ ವಿಧಾನವನ್ನ ಗಂಟಲಿನ ಕ್ಯಾನ್ಸರ್ ರೋಗಿಗಳಿಗೆ ತಂದ.

ದಿನಾ ಸ್ವಲ್ಪ ಸ್ವಲ್ಪ ಕೊಟ್ಟರೆ ಒಳ್ಳೆಯ ಕೋಶಗಳು ರಾತ್ರಿ ಕಳೆಯೋದ್ರೊಳಗೆ ರಿಪೇರಿ ಮಾಡ್ಕೊಳ್ತವೆ. ಕ್ಯಾನ್ಸರ್ ಕೋಶಕ್ಕೆ ಅಷ್ಟು ಚೆನ್ನಾಗಿ ರಿಪೇರಿ ಬರಲ್ಲ. ದೊಡ್ಡಮ್ಮನ 25 ಸಹಿಯ ಬೇರು ಇಲ್ಲಿದೆ.

ಭಾಗ 3/5
1951ರಲ್ಲಿ ಕೆನಡಾದಲ್ಲಿ ಮೊದಲ ಸಲ ಕೋಬಾಲ್ಟ್-60 ಮಷೀನ್‌ನಿಂದ ರೋಗಿಗೆ ಚಿಕಿತ್ಸೆ ಕೊಟ್ಟರು. ಇದರ ಗಾಮಾ ಕಿರಣ ಹಳೆಯ ಎಕ್ಸ್-ರೇಗಿಂತ ಆಳಕ್ಕೆ ಹೋಗುತ್ತೆ, ಚರ್ಮ ಅಷ್ಟಾಗಿ ಸುಡಲ್ಲ. ತಮಾಷೆ ಏನಂದ್ರೆ, ನಾವು "ಕರೆಂಟ್" ಅಂತೀವಿ, ಆದ್ರೆ ಕೋಬಾಲ್ಟ್ ಕಿರಣ ಸೂಸೋಕೆ ಕರೆಂಟೇ ಬೇಡ. ಮಷೀನ್ ಆಡಿಸೋಕೆ ಮಾತ್ರ ಬೇಕು. ಕೋಬಾಲ್ಟ್ ತಾನಾಗೇ ಕಿರಣ ಬಿಡ್ತಾ ಬಿಡ್ತಾ ಸುಮಾರು ಐದೂಕಾಲು ವರ್ಷಕ್ಕೆ ಅರ್ಧ ಆಗುತ್ತೆ. ಹಳೇದಾದಷ್ಟೂ ರೋಗಿ ಹೆಚ್ಚು ಹೊತ್ತು ಮಲಗಬೇಕು.

1973ರಲ್ಲಿ ಬೆಂಗಳೂರಲ್ಲಿ ಕಿದ್ವಾಯಿ ಸಂಸ್ಥೆ ಶುರುವಾಯ್ತು, 1980ರಲ್ಲಿ ಸ್ವಾಯತ್ತ ಆಯ್ತು. ಆಮೇಲೆ ಕರ್ನಾಟಕದ ಪಾಲಿಗೆ ಇನ್ನೊಂದು ಹೆಮ್ಮೆ: ಭಾಭಾಟ್ರಾನ್. ಹೋಮಿ ಭಾಭಾ ಹೆಸರಿನ ಈ ದೇಶಿ ಕೋಬಾಲ್ಟ್ ಮಷೀನ್‌ನ ತಂತ್ರಜ್ಞಾನ ಮುಂಬೈನ ಭಾಭಾ ಅಣು ಸಂಶೋಧನಾ ಕೇಂದ್ರದ್ದು, ತಯಾರಿಕೆ ಬೆಂಗಳೂರಿನ ಪನೇಸಿಯಾ ಕಂಪನಿಯದ್ದು. ಮೊದಲನೆಯದು 2005ರಲ್ಲಿ ನವಿ ಮುಂಬೈಯಲ್ಲಿ ಕೂತಿತು. ಮುಂದೆ ವಿಯೆಟ್ನಾಂವರೆಗೂ ಹೋಯ್ತು.

ಇನ್ನೊಂದು ಮಷೀನ್ ಲೀನಿಯರ್ ಆಕ್ಸಿಲರೇಟರ್, ಆಸ್ಪತ್ರೆ ಭಾಷೆಯಲ್ಲಿ ಲಿನ್ಯಾಕ್. 1953ರಲ್ಲಿ ಲಂಡನ್‌ನಲ್ಲಿ ಇದರಿಂದ ಮೊದಲ ಚಿಕಿತ್ಸೆ. ಇದಕ್ಕೆ ನಿಜವಾಗಲೂ ಕರೆಂಟ್ ಬೇಕು, ಸ್ವಿಚ್ ಆಫ್ ಮಾಡಿದ್ರೆ ಕಿರಣ ಇಲ್ಲ. ಸಿ.ಟಿ. ಸ್ಕ್ಯಾನ್ ಮತ್ತು ಕಂಪ್ಯೂಟರ್ ಜೊತೆ ಸೇರಿದ ಮೇಲೆ ಗಡ್ಡೆಯ ಆಕಾರಕ್ಕೆ ತಕ್ಕ ಹಾಗೆ ಕಿರಣ ಬಿಡೋದು ಸಾಧ್ಯ ಆಯ್ತು.

ಭಾಗ 4/5
ಈಗ ಅತ್ತೆಯ ಪ್ರಶ್ನೆ. ಡೋಸ್ ಅಳೆಯೋ ಮಾನ ಗ್ರೇ. ಹಳೆಯ ಲೆಕ್ಕ: 25 ದಿನ, ಒಟ್ಟು 50 ಗ್ರೇ, ದಿನಕ್ಕೆ 2. ಬ್ರಿಟನ್‌ನ ವೈದ್ಯರು ಕೇಳಿದ್ರು: ಎದೆಯ ಕ್ಯಾನ್ಸರ್‌ಗೆ ದಿನದ ಡೋಸ್ ಸ್ವಲ್ಪ ಏರಿಸಿ, ಒಟ್ಟು ಡೋಸ್ ಇಳಿಸಿದ್ರೆ ಹೇಗೆ? 1999ರಿಂದ ನಡೆದ ಸ್ಟಾರ್ಟ್-ಬಿ ಅಧ್ಯಯನದಲ್ಲಿ 2,215 ಮಹಿಳೆಯರು. ಅರ್ಧದಷ್ಟು ಜನಕ್ಕೆ 25 ದಿನ, ಉಳಿದವರಿಗೆ 15 ದಿನ, ಒಟ್ಟು 40 ಗ್ರೇ. 2013ರಲ್ಲಿ ಹತ್ತು ವರ್ಷದ ಫಲಿತಾಂಶ ಬಂತು. 15 ದಿನದವರಲ್ಲಿ ಕ್ಯಾನ್ಸರ್ ಮರಳಿ ಬರೋದು ಹೆಚ್ಚಾಗಿರಲಿಲ್ಲ, ಎದೆಯ ಭಾಗಕ್ಕೆ ಆಗೋ ತೊಂದರೆ ಇನ್ನೂ ಕಡಿಮೆಯೇ ಇತ್ತು.

ಆಮೇಲೆ ಫಾಸ್ಟ್-ಫಾರ್ವರ್ಡ್: 97 ಆಸ್ಪತ್ರೆ, 4,096 ರೋಗಿಗಳು. ಐದೇ ದಿನ, ಒಟ್ಟು 26 ಗ್ರೇ. ಐದು ವರ್ಷ ಗಮನಿಸಿ 2020ರಲ್ಲಿ ಪ್ರಕಟಿಸಿದ್ರು: 15 ದಿನದ ಚಿಕಿತ್ಸೆಗೆ ಇದು ಕಡಿಮೆ ಇಲ್ಲ.

ಅಂದ್ರೆ ಅತ್ತೆಗೆ ಕೊಡ್ತಿರೋದು ಕಮ್ಮಿ ಚಿಕಿತ್ಸೆ ಅಲ್ಲ. ಸಾವಿರಾರು ಹೆಣ್ಣುಮಕ್ಕಳು ವರ್ಷಗಟ್ಟಲೆ ಪರೀಕ್ಷೆಗೆ ಒಪ್ಪಿ ಗಳಿಸಿಕೊಟ್ಟ ಲೆಕ್ಕ. ದೊಡ್ಡಮ್ಮನ ಕಾಲದಲ್ಲಿ ಆ ಹತ್ತು ವರ್ಷದ ಉತ್ತರ ಇನ್ನೂ ಬಂದಿರಲಿಲ್ಲ, ಅಷ್ಟೇ.

ಆದ್ರೆ ಇದು ಎಲ್ಲರಿಗೂ ಅನ್ವಯ ಆಗಲ್ಲ. ಬಾಯಿ, ಗಂಟಲಿನ ಕ್ಯಾನ್ಸರ್‌ಗೆ ಈಗಲೂ ಸಾಮಾನ್ಯವಾಗಿ ಆರೇಳು ವಾರ ಬೇಕು. ಎಷ್ಟು ದಿನ ಅನ್ನೋದನ್ನ ಡಾಕ್ಟರೇ ಹೇಳಬೇಕು. ಅವರು ಹೇಳಿದಷ್ಟು ದಿನ ತಪ್ಪಿಸದೆ ಹೋಗಬೇಕು. ನಡುವೆ ಬಿಟ್ಟರೆ ಉಳಿದ ಕ್ಯಾನ್ಸರ್ ಕೋಶಕ್ಕೆ ಮತ್ತೆ ಬೆಳೆಯೋಕೆ ಸಮಯ ಕೊಟ್ಟ ಹಾಗೆ.

ಭಾಗ 5/5
ಮುಂದೇನು? ಪ್ರೋಟಾನ್ ಚಿಕಿತ್ಸೆಯ ಯೋಚನೆ 1946ರಲ್ಲೇ ಅಮೆರಿಕದ ರಾಬರ್ಟ್ ವಿಲ್ಸನ್ ಬರೆದಿದ್ದ. 2019ರಲ್ಲಿ ಚೆನ್ನೈಗೆ ಬಂತು. ಪ್ರೋಟಾನ್ ಕಿರಣ ಗಡ್ಡೆ ದಾಟಿ ಮುಂದೆ ಹೋಗಲ್ಲ, ಆದ್ರೆ ಖರ್ಚು ವಿಪರೀತ. ಗಡ್ಡೆಯ ಗೆರೆ ಎಳೆಯೋ ಕೆಲಸದಲ್ಲಿ ಈಗ ಎ.ಐ. ಡಾಕ್ಟರ್‌ಗೆ ನೆರವಾಗ್ತಿದೆ. ಇನ್ನೊಂದು ಫ್ಲ್ಯಾಶ್: ಪೂರ್ತಿ ಡೋಸ್ ಒಂದು ಸೆಕೆಂಡಿಗೂ ಕಡಿಮೆ ಸಮಯದಲ್ಲಿ. 2014ರಲ್ಲಿ ಇಲಿಗಳಲ್ಲಿ ಒಳ್ಳೆಯ ಅಂಗಾಂಶ ಉಳಿದಿದ್ದು ಕಂಡಿತು, 2018ರಲ್ಲಿ ಸ್ವಿಟ್ಜರ್ಲೆಂಡ್‌ನಲ್ಲಿ ಮೊದಲ ರೋಗಿಗೆ ಕೊಟ್ಟರು. ಇನ್ನೂ ಪ್ರಯೋಗದ ಹಂತ.

ಇವೆಲ್ಲ ದೊಡ್ಡ ಸುದ್ದಿ. ಆದ್ರೆ ನಮ್ಮಂಥ ಊರಿನವರ ಬದುಕು ಬದಲಿಸಿದ್ದು ಹೊಸ ಮಷೀನ್ ಒಂದೇ ಅಲ್ಲ, 25 ಅನ್ನೋದು 15 ಆಗಿದ್ದು. ಎರಡು ವಾರದ ಕೂಲಿ, ಎರಡು ವಾರದ ರೂಮ್ ಬಾಡಿಗೆ ಉಳೀತು.

ಕೊನೆಗೆ ಒಂದು ಮಾತು. 2011ರಲ್ಲಿ ದೊಡ್ಡಮ್ಮ ವಾಪಸ್ ಬಂದಾಗ ನಾನು ಒಂದನೇ ಕ್ಲಾಸು. ಯಾರೋ ಅಮ್ಮಂಗೆ ಹೇಳಿದ್ರು: "ಮಕ್ಳುನ್ನ ಹತ್ರ ಬಿಡಬ್ಯಾಡ ಕಣವ್ವ, ಮೈಯಾಗೆ ಕರೆಂಟ್ ಐತೆ." ಎಷ್ಟೋ ದಿನ ನನ್ನನ್ನ ಅವರ ಪಕ್ಕ ಮಲಗಿಸಲಿಲ್ಲ. ಅದು ಸುಳ್ಳು. ಹೊರಗಿನ ಮಷೀನ್‌ನಿಂದ ಕೊಡೋ ಕಿರಣ ಮೈಯಲ್ಲಿ ಉಳಿಯಲ್ಲ, ಮಗುವನ್ನ ಎತ್ತಿಕೊಳ್ಳಬಹುದು. ಅಯೋಡಿನ್ ನುಂಗಿಸೋ ಚಿಕಿತ್ಸೆ ಬೇರೆ, ಅದರ ನಿಯಮ ಡಾಕ್ಟರೇ ಹೇಳ್ತಾರೆ.

ಅತ್ತೆಗೆ ಇವತ್ತು ಒಂಬತ್ತನೇದು. ಇನ್ನು ಆರು. ಈ ಪೋಸ್ಟ್ ದೊಡ್ಡಮ್ಮಂಗೆ ಓದಿ ಹೇಳಿದೆ. "ಅವ್ಳು ಬರ್ಲಿ, ಅವ್ಳ ಮೊಮ್ಮಗೂನ ನಾನೇ ಕರ್ಕಂಡೋಗಿ ತೊಡೆ ಮ್ಯಾಲೆ ಕೂರುಸ್ತೀನಿ" ಅಂದ್ರು.

ನಿಮ್ಮ ಮನೇಲೂ ಇಂಥ ಕಾರ್ಡ್ ಇದ್ರೆ ಎಸೀಬೇಡಿ. ಯಾವ ವರ್ಷ, ಎಷ್ಟು ಸಹಿ ಅಂತ ಕಮೆಂಟ್ ಮಾಡಿ.

#ಎಚ್‌ಡಿಪುರ #ಹೊಳಲ್ಕೆರೆ #ನಮ್ಮೂರಹಿಸ್ಟರಿ