ಅಜ್ಜಿ ಯಾಕೆ ಯಾವಾಗ್ಲೂ ಕೋಮಾಗೆ ಹೋಗ್ತಾಳೆ? ಕನ್ನಡ ಸೀರಿಯಲ್‌ನ ಹಿರಿಯ ಹೆಂಗಸರ ಹಿಸ್ಟರಿ

ಇವತ್ತಿನ ಎಪಿಸೋಡ್ ಸೀರಿಯಲ್ ಬಗ್ಗೆ. "ಅಯ್ಯೋ, ಸೀರಿಯಲ್ಲಾ" ಅಂತ ಸ್ಕಿಪ್ ಒತ್ತಬೇಡಿ, ಒಂದ್ನಿಮಿಷ ಇರಿ. ನಾವೆಲ್ಲ ಸೀರಿಯಲ್ ನೋಡಲ್ಲ ಅಂತೀವಿ. ಆದ್ರೆ ಮೊಬೈಲ್ ಹಿಡ್ಕೊಂಡು ಮನೇಲಿ ಕೂತಿದ್ದಾಗ ಕಿವಿಗೆ ಬಿದ್ದಿರೋದೆಲ್ಲ ಅದೇ. ಹಾಗಾಗಿ ಈ ಸೀನ್ ನಿಮಗೂ ಗೊತ್ತಿರುತ್ತೆ.

ದೊಡ್ಡ ಮನೆ. ಮನೇಲೊಬ್ಬ ಅಜ್ಜಿ. ಅಜ್ಜಿಗೆ ಒಂದು ಗುಟ್ಟು ಗೊತ್ತು, ಹೀರೋ ನಿಜವಾಗಿ ಯಾರ ಮಗ ಅಂತ. ಇವತ್ತು ಎಲ್ಲರ ಮುಂದೆ ಹೇಳೇಬಿಡ್ತೀನಿ ಅಂತ ಮೆಟ್ಟಿಲು ಇಳಿಯೋಕೆ ಶುರು ಮಾಡ್ತಾಳೆ. ಕಾಲು ಜಾರುತ್ತೆ. ಬೀಳೋದು ಒಂದೇ ಸಲ, ತೋರಿಸೋದು ಮೂರು ಸಲ. ಶುಕ್ರವಾರದ ಕಂತು ಅಲ್ಲಿಗೆ ಮುಗೀತು. ಸೋಮವಾರ ನೋಡಿದ್ರೆ ಅಜ್ಜಿ ಕೋಮಾದಲ್ಲಿ.

ಯಾಕೆ ಯಾವಾಗ್ಲೂ ಅಜ್ಜಿನೇ? ಇದಕ್ಕೆ ಒಂದು ಲೆಕ್ಕ ಇದೆ. ದೂರದರ್ಶನ ಒಂದೇ ಇದ್ದ ಕಾಲದಲ್ಲಿ ಧಾರಾವಾಹಿ ಅಂದ್ರೆ ವಾರಕ್ಕೊಂದು ಕಂತು, ಸಾಮಾನ್ಯವಾಗಿ ಹದಿಮೂರು ವಾರ. ಕಥೆ ಹೇಳಿ ಮುಗಿಸಿ ಎದ್ದು ಹೋಗ್ತಿದ್ರು. 1994ರಲ್ಲಿ ಉದಯ ಟಿವಿ ಬಂತು. 1998ರಲ್ಲಿ ದೂರದರ್ಶನದಲ್ಲೇ ಟಿ.ಎನ್. ಸೀತಾರಾಮ್ ಅವರ 'ಮಾಯಾಮೃಗ' ಜನಕ್ಕೆ ದಿನಾ ಸೀರಿಯಲ್ ನೋಡೋ ರುಚಿ ಹತ್ತಿಸ್ತು. 2000ದ ಡಿಸೆಂಬರ್‌ನಲ್ಲಿ ಈಟಿವಿ ಕನ್ನಡ, 2006ರಲ್ಲಿ ಜೀ ಕನ್ನಡ. ವಾರಕ್ಕೆ ಐದು ದಿನ ಅಂದ್ರೆ ವರ್ಷಕ್ಕೆ ಹತ್ತಿರ ಹತ್ತಿರ 260 ಕಂತು. ಅಷ್ಟು ಕಂತಿಗೆ ಬೇಕಾಗೋ ಕಥೆ ಎಲ್ಲಿಂದ ತರೋದು?

ಹುಡುಗ ಹುಡುಗಿಯ ಹತ್ರ ಅಷ್ಟು ಕಥೆ ಇರಲ್ಲ. ಅವರಿಗೆ ಇಪ್ಪತ್ತೈದು ವರ್ಷ, ಅವರ ಕಥೆ ಶುರುವಾಗಿದ್ದೇ ಮೊನ್ನೆ. ಹಳೇದು ಅಂತ ಏನಾದ್ರೂ ಇದ್ರೆ ಅದು ಅಮ್ಮನ ಹತ್ರ, ಅತ್ತೆ ಹತ್ರ, ಅಜ್ಜಿ ಹತ್ರ ಮಾತ್ರ. ಮೊದಲನೇ ಕಂತಿಗಿಂತ ಮುಂಚೆನೂ ಬದುಕಿದ್ದವರು ಅವರು. ಅದಕ್ಕೇ ಡೈಲಿ ಸೀರಿಯಲ್ ಅವರನ್ನ ಗುಟ್ಟು ಇಡೋ ಟ್ರಂಕ್ ಥರ ಬಳಸುತ್ತೆ. ಗುಟ್ಟು ಒಳಗಿರೋ ತನಕ ಅವರಿಗೆ ಬೆಲೆ, ಹೊರಗೆ ಬಿದ್ದ ದಿನ ಕೆಲಸ ಮುಗೀತು. ಗುಟ್ಟು ಹೊರಗೂ ಬೀಳಬಾರದು, ಅಜ್ಜಿನೂ ಸಾಯಬಾರದು ಅಂದ್ರೆ ಕೋಮಾಗಿಂತ ಒಳ್ಳೆ ಜಾಗ ಎಲ್ಲಿದೆ ಹೇಳಿ. ನೆನಪು ಹೋಗೋದು, ಮಾತು ನಿಂತು ಹೋಗೋದು, ತೀರ್ಥಯಾತ್ರೆಗೆ ಹೋಗಿ ಕಾಣೆಯಾಗೋದು, ಎಲ್ಲಾ ಇದೇ ಕೆಲಸಕ್ಕೆ.

ಅಜ್ಜಿ ಕೋಮಾದಲ್ಲಿ ಇಲ್ಲ ಅಂದ್ರೆ ಸಿಂಹಾಸನದ ಮೇಲಿರ್ತಾಳೆ. 2018ರಲ್ಲಿ ಶುರುವಾದ 'ಪಾರು' ನೆನಪಿಸ್ಕೊಳ್ಳಿ. ವಿನಯಾ ಪ್ರಸಾದ್ ಮಾಡಿದ ಅಖಿಲಾಂಡೇಶ್ವರಿ. ರೇಷ್ಮೆ ಸೀರೆ, ನಿಧಾನದ ನಡಿಗೆ, ಅವರು ಮಾತಾಡಿದ್ರೆ ಮನೆಯೆಲ್ಲಾ ಗಪ್‌ಚುಪ್. ಆ ಪಾತ್ರದಲ್ಲಿ ತೂಕ ಇತ್ತು, ಒಪ್ಕೊಳ್ತೀನಿ. ಆದ್ರೂ ಅಖಿಲಾಂಡೇಶ್ವರಿ ಇದ್ದಿದ್ದು ಪಾರು ದಾಟಬೇಕಾದ ಬೆಟ್ಟದ ಹಾಗೆ. ಬೆಟ್ಟಕ್ಕೆ ತನ್ನದೇ ಒಂದು ಪ್ರಯಾಣ ಅಂತ ಇರಲ್ವಲ್ಲ.

ಇನ್ನು ಹಾವು, ಮಾಟ, ಮಂತ್ರದ ಸೀರಿಯಲ್‌ಗಳ ಕಥೆ ಇನ್ನೂ ಮಜಾ. ನೂರು ವರ್ಷ ಬದುಕಿದ ಹಾವಿಗೆ ಬೇಕಾದ ರೂಪ ತಾಳೋ ಶಕ್ತಿ ಬರುತ್ತೆ ಅಂತ ಒಂದು ನಂಬಿಕೆ ಇದೆ. ಸರಿ, ಬರಲಿ. ಆದ್ರೆ ಟಿವಿಯಲ್ಲಿ ಆ ನೂರು ವರ್ಷದ ಹಾವು ಯಾವತ್ತಾದ್ರೂ ಮುದುಕಿಯಾಗಿ ಬಂದಿದೆಯಾ? 2016ರ 'ನಾಗಿಣಿ'ಯಲ್ಲಿ ನಾಗಕನ್ಯೆ ಆಗಿದ್ದು ದೀಪಿಕಾ ದಾಸ್. ಅವರ ತಪ್ಪಲ್ಲ ಬಿಡಿ. ಶಕ್ತಿ ಅಂದ್ರೆ ಹರೆಯ ಅಂತ ಈ ಥರದ ಸೀರಿಯಲ್‌ಗಳು ಮೊದಲೇ ತೀರ್ಮಾನ ಮಾಡಿಬಿಟ್ಟಿವೆ. ವಯಸ್ಸಾದವಳು ಬಂದ್ರೆ ಮಾಟಗಾತಿ, ಇಲ್ಲಾಂದ್ರೆ ಮೂಲೇಲಿ ಕೂತು ಶಕುನ ನುಡಿಯೋ ಮುದುಕಿ.

ಇಲ್ಲಿ ಒಂದು ಹಳೇ ಕಥೆ ನೆನಪಾಗುತ್ತೆ. ಗಿರೀಶ್ ಕಾರ್ನಾಡರ 'ನಾಗಮಂಡಲ' ನಾಟಕ, 1988ರದ್ದು. ಅದರ ಮೂಲ ಎ.ಕೆ. ರಾಮಾನುಜನ್ ಅವರಿಂದ ಕಾರ್ನಾಡರು ಕೇಳಿದ ಎರಡು ಜನಪದ ಕಥೆಗಳು. ರಾತ್ರಿ ಹೊತ್ತು ಊರ ಮನೆಗಳ ದೀಪದ ಜ್ವಾಲೆಗಳೆಲ್ಲ ಪಾಳು ಗುಡಿಯಲ್ಲಿ ಸೇರಿ ಮಾತಾಡ್ಕೊಳ್ತವೆ. ಅದರಲ್ಲೊಂದು ಹೇಳುತ್ತೆ, ನಮ್ಮನೆ ಮುದುಕಿಗೆ ಒಂದು ಕಥೆ ಗೊತ್ತಿತ್ತು, ಒಂದು ಹಾಡು ಗೊತ್ತಿತ್ತು, ಯಾರಿಗೂ ಹೇಳ್ತಾನೇ ಇರಲಿಲ್ಲ, ಕೊನೆಗೆ ಅವಳು ಬಾಯಿ ಬಿಟ್ಕೊಂಡು ಮಲಗಿದ್ದಾಗ ಕಥೆ ತಾನೇ ಹೊರಗೆ ಹಾರಿ ಹರೆಯದ ಹೆಣ್ಣಾಯ್ತು ಅಂತ. ನಮ್ಮ ಸೀರಿಯಲ್‌ಗಳಲ್ಲಿ ಆಗ್ತಿರೋದೂ ಇದೇ ಅಲ್ವಾ? ಕಥೆ ಇದ್ದಿದ್ದು ಮುದುಕಿಯ ಹೊಟ್ಟೇಲಿ, ಪರದೆ ಮೇಲೆ ಓಡಾಡೋಳು ಹುಡುಗಿ.

ಆದ್ರೆ ಟಿವಿ ಬರೋ ಮುಂಚೆ ಹೀಗಿರಲಿಲ್ಲ. ನಮ್ಮ ಪುರವರ, ಕೊಡಿಗೇನಹಳ್ಳಿ ಕಡೆ, ಆಚೆ ಕೊರಟಗೆರೆ, ಪಾವಗಡ ಎಲ್ಲಾ ಕಡೆ ಕಥೆ ನಡೀತಿದ್ದಿದ್ದು ಕೆಲಸದ ಜೊತೆ. ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯೋವಾಗ, ಕಡ್ಲೇಕಾಯಿ ಸುಲಿಯೋವಾಗ. ಕೈ ಓಡ್ತಿರುತ್ತೆ, ಬಾಯಿ ಹೇಳ್ತಿರುತ್ತೆ, ಕೇಳೋರು "ಹೂಂ" ಅನ್ನಬೇಕು. ಹೂಂ ನಿಂತ್ರೆ ಕಥೆನೂ ನಿಲ್ಲುತ್ತೆ. ಶಿರಾ ಕಡೆ ಹೋದ್ರೆ ಕಾಡುಗೊಲ್ಲರು ಜುಂಜಪ್ಪನ ಕಾವ್ಯವನ್ನ ಗಣೆ ಊದ್ಕೊಂಡು ರಾತ್ರಿಯೆಲ್ಲಾ ಹಾಡ್ತಾರೆ. ಬಳ್ಳಾರಿ ಸೀಮೆಯ ಬುರ್ರಕಥಾ ಈರಮ್ಮ, ದರೋಜಿ ಊರಿನವರು, ಓದು ಬರಹ ಗೊತ್ತಿಲ್ಲ, ತಲೇಲಿ ಹನ್ನೆರಡು ಕಾವ್ಯ ಇಟ್ಕೊಂಡಿದ್ರು. ಬರೆದು ಇಳಿಸಿದ್ರೆ ಏಳು ಸಾವಿರ ಪುಟ ಆಗುತ್ತೆ ಅಂತಾರೆ. 2014ರಲ್ಲಿ ತೀರಿಕೊಂಡ್ರು.

ಬುರ್ರಕಥೆಯಲ್ಲಿ ಮುಖ್ಯ ಕಥೆಗಾರ್ತಿಯ ಅಕ್ಕಪಕ್ಕ ಇಬ್ಬರು ನಿಂತಿರ್ತಾರೆ. ಅವರು ಪಲ್ಲವಿ ಹಿಡೀತಾರೆ, ಮಧ್ಯೆ ಮಧ್ಯೆ ಪ್ರಶ್ನೆ ಕೇಳ್ತಾರೆ. ಆಗ ಕಥೆಗಾರ್ತಿ ಹಿಂದಿನದನ್ನ ಇನ್ನೊಂದ್ಸಲ ಹೇಳಿ ಮುಂದೆ ಹೋಗ್ತಾಳೆ. ತಡವಾಗಿ ಬಂದೋರಿಗೂ ಕಥೆ ಸಿಗುತ್ತೆ. ಈಗ ಸೀರಿಯಲ್ ನೋಡಿ. ಹೀರೋಯಿನ್‌ಗೆ ಒಬ್ಬಳು ಫ್ರೆಂಡ್, ವಿಲನ್‌ಗೆ ಒಬ್ಬ ಶಿಷ್ಯ. ಅವರ ಕೆಲಸ ಏನು? "ಅಂದ್ರೆ ಮೇಡಂ, ಅವತ್ತು ಆಸ್ಪತ್ರೆಯಲ್ಲಿ ಮಗು ಬದಲಾಯಿಸಿದ್ದು ನೀವೇನಾ?" ಅಂತ ಕೇಳೋದು. ಅದೇ ಕಸುಬು, ಬರೀ ತಂಬೂರಿ ಇಲ್ಲ ಅಷ್ಟೆ. ಎಳೆಯೋದು, ತಡೆಯೋದು, ಮತ್ತೆ ಹೇಳೋದು, ನಾಳೆಗೆ ಉಳಿಸೋದು, ಇದನ್ನೆಲ್ಲ ಟಿವಿಯೋರು ಕಂಡುಹಿಡಿದಿದ್ದಲ್ಲ. ಈರಮ್ಮನಂಥವರ ಕೈಯಲ್ಲಿ ಪಳಗಿದ ವಿದ್ಯೆ ಅದು. ವಿದ್ಯೆ ತಗೊಂಡ್ರು, ಅದನ್ನ ಬಲ್ಲೋಳನ್ನ ಮಾತ್ರ ಪಾತ್ರವಾಗಿ ಮೂಲೆಗೆ ಕೂರಿಸಿದ್ರು. ನನಗೆ ಸಿಟ್ಟು ಬರೋದು ಇಲ್ಲಿ.

ಈಗ ಉಮಾಶ್ರೀ ಹತ್ರ ಬರೋಣ. ನಮ್ಮ ಜಿಲ್ಲೆಯವರೇ, ತಿಪಟೂರು ತಾಲ್ಲೂಕಿನ ನೊಣವಿನಕೆರೆ, 1957ರಲ್ಲಿ ಹುಟ್ಟಿದವರು. ಅವರಿಗೆ ಹೆಸರು ತಂದುಕೊಟ್ಟ ನಾಟಕ 'ಒಡಲಾಳ'. ದೇವನೂರ ಮಹಾದೇವ ಅವರ ಕಥೆ, ಸಿ.ಜಿ. ಕೃಷ್ಣಸ್ವಾಮಿ ನಿರ್ದೇಶನ. ಅದರಲ್ಲಿ ಸಾಕವ್ವ ಅನ್ನೋ ಮುದುಕಿ. ಉಮಾಶ್ರೀ ಆಗಿನ್ನೂ ಯುವತಿ.

ಒಡಲಾಳದ ಕಥೆ ಕೇಳಿ. ಸಾಕವ್ವನ ಹುಂಜ ಕಳೆದುಹೋಗಿದೆ, ಮುದುಕಿ ಹುಡುಕ್ತಾಳೆ. ರಾತ್ರಿ ಮನೆಯೋರೆಲ್ಲ ಕದ್ದು ತಂದ ಕಡ್ಲೇಕಾಯಿ ತಿಂತಾರೆ. ಆಮೇಲೆ ಪೊಲೀಸರು ಬರ್ತಾರೆ. ಅಷ್ಟೇ. ಆಸ್ತಿ ಪತ್ರ ಇಲ್ಲ, ಬದಲಾದ ಮಗು ಇಲ್ಲ, ಯಾರೂ ಮೆಟ್ಟಿಲಿಂದ ಬೀಳಲ್ಲ. ಒಂದು ಹುಂಜ, ಒಂದು ಮೂಟೆ ಕಡ್ಲೇಕಾಯಿ. ಆದ್ರೂ ಉಸಿರು ಬಿಗಿ ಹಿಡಿದು ಕೇಳೋ ಹಾಗಿದೆ, ಯಾಕಂದ್ರೆ ಆ ಮನೆಗೆ ಹುಂಜ ದೊಡ್ಡದು, ಕಡ್ಲೇಕಾಯಿ ಇನ್ನೂ ದೊಡ್ಡದು. ಮುದುಕಿ ಇಲ್ಲಿ ಗುಟ್ಟಿನ ಟ್ರಂಕ್ ಅಲ್ಲ. ಅವಳಿಗೆ ಏನೋ ಬೇಕು, ಅದನ್ನ ಹುಡುಕ್ತಾಳೆ, ನಾವು ಅವಳ ಹಿಂದೆ ಹೋಗ್ತೀವಿ. ಹೀರೋ ಅಂದ್ರೆ ಇಷ್ಟೇ ತಾನೇ?

ಇಷ್ಟು ಮಾಡಿದ ನಟಿಗೆ ಸಿನಿಮಾದಲ್ಲಿ ಸಿಕ್ಕಿದ್ದು ಬಹಳಷ್ಟು ಕಾಮಿಡಿ ಪಾತ್ರಗಳು. ಅದರಲ್ಲೂ ಡಬಲ್ ಮೀನಿಂಗ್ ಕಾಮಿಡಿ. ಆಮೇಲೆ 2008ರಲ್ಲಿ ಗಿರೀಶ್ ಕಾಸರವಳ್ಳಿ ಅವರ 'ಗುಲಾಬಿ ಟಾಕೀಸ್'. ವೈದೇಹಿ ಅವರ ಕಥೆ ಆಧರಿಸಿದ ಸಿನಿಮಾ. ಉಮಾಶ್ರೀ ಅದರಲ್ಲಿ ಗುಲಾಬಿ, ಕರಾವಳಿಯ ಮೀನುಗಾರರ ಊರಿನ ಸೂಲಗಿತ್ತಿ. ಗಂಡ ಬಿಟ್ಟು ಇನ್ನೊಬ್ಬಳ ಜೊತೆ ಇದ್ದಾನೆ. ಹೆರಿಗೆ ಮಾಡಿಸಿದ್ದಕ್ಕೆ ಗುಲಾಬಿಗೆ ಒಂದು ಕಲರ್ ಟಿವಿ, ಡಿಶ್ ಆಂಟೆನಾ ಬರುತ್ತೆ. ಅದುವರೆಗೂ ಅವಳ ಮನೆ ಹೊಸಿಲು ತುಳಿಯದ ಹೆಂಗಸರು ಟಿವಿ ನೋಡೋಕೆ ಬಂದು ಕೂರ್ತಾರೆ. ಕಾರ್ಗಿಲ್ ಯುದ್ಧದ ಹೊತ್ತು, ಊರಲ್ಲಿ ಹಿಂದೂ ಮುಸ್ಲಿಂ ಅಂತ ಬಿರುಕು ದೊಡ್ಡದಾಗುತ್ತೆ. ಈ ಪಾತ್ರಕ್ಕೆ ಉಮಾಶ್ರೀಗೆ ರಾಷ್ಟ್ರಪ್ರಶಸ್ತಿ ಬಂತು.

ಸೂಲಗಿತ್ತಿ ಅಂದ ತಕ್ಷಣ ನಮ್ಮ ಕಡೆಯೋರಿಗೆ ಇನ್ನೊಂದು ಹೆಸರು ನೆನಪಾಗುತ್ತೆ. ಪಾವಗಡ ತಾಲ್ಲೂಕು ಕೃಷ್ಣಾಪುರದ ಸೂಲಗಿತ್ತಿ ನರಸಮ್ಮ. ದುಡ್ಡು ತಗೊಳ್ಳದೆ ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದೋರು. 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷ ಡಿಸೆಂಬರ್ 25ಕ್ಕೆ ತೀರಿಕೊಂಡ್ರು, 98 ವರ್ಷ. ಹದಿನೈದು ಸಾವಿರ ಹೆರಿಗೆ ಅಂದ್ರೆ ಹದಿನೈದು ಸಾವಿರ ರಾತ್ರಿ, ಹಗಲು, ಮಳೆ, ದಾರಿ. ದಿನಕ್ಕೊಂದು ಕಂತು ಮಾಡಿದ್ರೂ ನಲವತ್ತು ವರ್ಷಕ್ಕೂ ಹೆಚ್ಚಿನ ಸೀರಿಯಲ್ ಅದು. ಕಥೆ ಸಾಲಲ್ಲ ಅನ್ನೋರಿಗೆ ಹೇಳ್ತಿದ್ದೀನಿ.

2021ರ ಡಿಸೆಂಬರ್‌ನಲ್ಲಿ ಜೀ ಕನ್ನಡದಲ್ಲಿ 'ಪುಟ್ಟಕ್ಕನ ಮಕ್ಕಳು' ಶುರುವಾಯ್ತು. ಉಮಾಶ್ರೀಗೆ ಆಗ 64. ನಡುವೆ ಶಾಸಕಿಯಾಗಿ, ಮಂತ್ರಿಯಾಗಿ ಬಂದಿದ್ರು. ಮೂರೂ ಹೆಣ್ಣು ಹೆತ್ತಳು ಅಂತ ಗಂಡ ಬಿಟ್ಟುಹೋದ ಹೆಂಗಸು ಪುಟ್ಟಕ್ಕ, ಮೆಸ್ ನಡೆಸಿ ಮಕ್ಕಳನ್ನ ಸಾಕ್ತಾಳೆ. ಮೂಲ ತೆಲುಗಿನ 'ರಾಧಮ್ಮ ಕೂತುರು'. ನಮ್ಮ ಪುರವರದ ಕಡೆ ಆಂಧ್ರದ ಗಡಿ ಹತ್ತಿರ, ಎರಡೂ ಭಾಷೆ ಬರೋ ಮನೆಗಳು ಬಹಳ. ಅಂಥ ಮನೆಗೆ ಇದು ಗೊತ್ತಿರೋ ಕಥೆನೇ. ಆದ್ರೂ ಪುಟ್ಟಕ್ಕ ಬಹುಕಾಲ ಕನ್ನಡದ ನಂಬರ್ ಒನ್ ಸೀರಿಯಲ್ ಆಗಿತ್ತು.

ಶುರುವಿನ ಕಂತುಗಳನ್ನ ಈಗ ಮತ್ತೆ ನೋಡಿದ್ರೆ ಒಂದು ವಿಷಯ ಕಾಣುತ್ತೆ. ಪುಟ್ಟಕ್ಕನ ಹಿಂದಿನದು ಗುಟ್ಟೇ ಅಲ್ಲ. ಗಂಡ ಬಿಟ್ಟಿದ್ದು ಊರಿಗೆಲ್ಲ ಗೊತ್ತು, ಸವತಿ ಅದೇ ಊರಲ್ಲಿದ್ದಾಳೆ. ಹೊರಗೆ ಬೀಳೋಕೆ ಏನೂ ಉಳಿದಿಲ್ಲ. ಹಾಗಾಗಿ ಕುತೂಹಲ ಬೇರೆ ಕಡೆಯಿಂದ ಬರಬೇಕು. ಇವತ್ತು ಮೆಸ್‌ಗೆ ಜನ ಬರ್ತಾರಾ? ಸಾಲದ ಕಂತಿಗೆ ದುಡ್ಡು ಹೊಂದುತ್ತಾ? ಒಲೆ ಮುಂದೆ ನಿಂತ ಉಮಾಶ್ರೀ ಮುಖವನ್ನ ಕ್ಯಾಮೆರಾ ಸುಮ್ನೆ ನೋಡ್ತಾ ಇರುತ್ತೆ. ಸಾಕವ್ವನ ಹುಂಜ ವಾಪಸ್ ಬಂದಂಗೆ ಅನ್ಸುತ್ತೆ. ಇನ್ನೊಂದು ಕಡೆ ಬಡ್ಡಿ ಬಂಗಾರಮ್ಮ, ಮಂಜುಭಾಷಿಣಿ. 'ಸಿಲ್ಲಿ ಲಲ್ಲಿ'ಯ ಸಮಾಜಸೇವಕಿ ಲಲಿತಾಂಬ ನೆನಪಿದ್ದೋರಿಗೆ ಅವರನ್ನ ಹೀಗೆ ನೋಡೋದೇ ಒಂದು ಖುಷಿ. ದುಡ್ಡಿನ ವ್ಯವಹಾರಕ್ಕೆ ಎದುರುಬದುರು ನಿಂತ ಇಬ್ಬರು ವಯಸ್ಸಾದ ಹೆಂಗಸರು. ಇದು ನಮ್ಮ ಟಿವಿಯಲ್ಲಿ ಅಪರೂಪ.

ಆದ್ರೆ 260 ಕಂತಿನ ಹಸಿವು ಬಿಡಲ್ಲ. ನಿಧಾನಕ್ಕೆ ಕಥೆ ಮಗಳು ಸ್ನೇಹಾ ಮತ್ತು ಬಂಗಾರಮ್ಮನ ಮಗ ಕಂಠಿ ಕಡೆ ವಾಲ್ತು. ಕಂಠಿ ತಾನು ಯಾರ ಮಗ ಅನ್ನೋದನ್ನ ಸ್ನೇಹಾ ಹತ್ರ ಮುಚ್ಚಿಡ್ತಾನೆ. ನೋಡಿ, ಗುಟ್ಟು ಬಂತು. ಬಾಗಿಲ ಹಿಂದೆ ನಿಂತು ಕೇಳೋದು ಬಂತು, ಮೈಂಡ್ ವಾಯ್ಸ್ ಬಂತು. ಪುಟ್ಟಕ್ಕ ಎಷ್ಟೋ ದಿನ ಮಗಳಿಗಾಗಿ ಅಳೋ ಅಮ್ಮನಾಗಿ ಮಾತ್ರ ಉಳಿದಳು. ಆಮೇಲೆ 2024ರಲ್ಲಿ ಸ್ನೇಹಾ ಪಾತ್ರವನ್ನೇ ಸಾಯಿಸಿದ್ರು. ಪ್ರೇಕ್ಷಕರು ಸಿಟ್ಟಾದ್ರು. ನನ್ನ ಪ್ರಕಾರ ಸೀರಿಯಲ್ ಸೋತಿದ್ದು ಅವತ್ತಲ್ಲ, ಮೆಸ್ ಲೆಕ್ಕ ಮುಖ್ಯ ಅಲ್ಲ ಅಂತ ತೀರ್ಮಾನ ಮಾಡಿದ ದಿನ.

2022ರಲ್ಲಿ ಬಂದ 'ಶ್ರೀರಸ್ತು ಶುಭಮಸ್ತು' ಇನ್ನೊಂದು ದಾರಿ ಹಿಡೀತು. 1986ರ 'ಆನಂದ್' ಸಿನಿಮಾದ ಹೀರೋಯಿನ್ ಸುಧಾರಾಣಿ ಇಲ್ಲಿ ತುಳಸಿ, ಬೆಳೆದ ಮಗ ಇರೋ ವಿಧವೆ. ಆಕೆಗೆ ಇನ್ನೊಂದು ಮದುವೆ. ಲವ್ ಸ್ಟೋರಿಯ ಎಲ್ಲಾ ಹಳೇ ಸಾಮಾನು ಇದೆ, ಕದ್ದು ನೋಡೋದು, ಮಳೆ, ಜಗಳ, ಮನೆಯೋರ ವಿರೋಧ. ಒಂದೇ ವ್ಯತ್ಯಾಸ, ಅಡ್ಡ ನಿಲ್ಲೋದು ಅಪ್ಪ ಅಮ್ಮ ಅಲ್ಲ, ಮಗ. ಆ ತಿರುವು ನನಗೆ ಬಹಳ ಇಷ್ಟ ಆಯ್ತು. ಸಂಜೆ ರಾಗಿಮುದ್ದೆ ಹೊತ್ತಲ್ಲಿ ಮನೆಮಂದಿ ಎಲ್ಲಾ ಕೂತು, ವಿಧವೆ ಅಮ್ಮನ ಮದುವೆಯನ್ನ ಮಗ ತಡೀಬೇಕೋ ಬೇಡ್ವೋ ಅಂತ ಟಿವಿ ಮುಂದೆ ವಾದ ಮಾಡೋದು ಸಣ್ಣ ವಿಷಯ ಅಲ್ಲ. ಆಮೇಲೆ ತುಳಸಿ ಗರ್ಭಿಣಿ ಅಂತ ಕಥೆ ಬಂತು ನೋಡಿ, ಸೋಷಿಯಲ್ ಮೀಡಿಯಾದಲ್ಲಿ ಎಂಥಾ ಗದ್ದಲ! ಈ ವಯಸ್ಸಲ್ಲಿ ಇದೆಲ್ಲ ಬೇಕಾ ಅಂತ. ನೂರು ವರ್ಷದ ಹಾವು ಡ್ಯುಯೆಟ್ ಹಾಡಿದ್ರೆ ಯಾರಿಗೂ ತೊಂದ್ರೆ ಇರಲಿಲ್ಲ.

ಪುಟ್ಟಕ್ಕನ ಮೊದಲ ಐವತ್ತು ಕಂತು, ಆಮೇಲೆ 'ಒಡಲಾಳ', ಈ ಕ್ರಮದಲ್ಲಿ ನೋಡಿ, ಓದಿ. ಮುಂದಿನ ವಾರ ಶಿರಾ ಕಡೆ ಹೋಗೋಣ, ಗಣೆ ಊದೋರ ಹತ್ರ. ಸಿಗೋಣ.