ವಾಹನದ ತಂತಿಜಾಲವೂ ದೋಷಶೋಧನೆಯೂ

1943ರ ಜುಲೈ ತಿಂಗಳ ಒಂದು ದಿನ ಲಾಸ್ ಏಂಜಲಿಸ್ ನಗರವನ್ನು ದಟ್ಟವಾದ ಹೊಗೆಯೊಂದು ಕವಿದು, ಜನರ ಕಣ್ಣುಗಳಲ್ಲಿ ಉರಿಯನ್ನೂ ಗಂಟಲಿನಲ್ಲಿ ಕೆರೆತವನ್ನೂ ಉಂಟುಮಾಡಿದಾಗ, ಯುದ್ಧಕಾಲದ ಭೀತಿಯಲ್ಲಿದ್ದ ನಾಗರಿಕರು ಅದನ್ನು ಶತ್ರುಗಳ ವಿಷಾನಿಲವೆಂದೇ ಶಂಕಿಸಿದರು. ಆಮೇಲೆ ಕೃತಕ ರಬ್ಬರಿಗೆ ಬೇಕಾದ ರಾಸಾಯನಿಕವನ್ನು ತಯಾರಿಸುತ್ತಿದ್ದ ಕಾರ್ಖಾನೆಯೊಂದರ ಮೇಲೆ ದೋಷ ಹೊರಿಸಿದರು. ಕಾರ್ಖಾನೆಯ ಕೆಲಸ ನಿಂತರೂ ಹೊಗೆ ನಿಲ್ಲಲಿಲ್ಲ. ಮುಂದೆ ಕ್ಯಾಲ್‌ಟೆಕ್ ಸಂಸ್ಥೆಯಲ್ಲಿ ಅನಾನಸಿನ ಪರಿಮಳದ ಮೇಲೆ ಸಂಶೋಧನೆ ನಡೆಸುತ್ತಿದ್ದ ಡಚ್ ಮೂಲದ ರಸಾಯನಶಾಸ್ತ್ರಜ್ಞ ಆರಿ ಹಾಗನ್-ಸ್ಮಿಟ್ ಅವರು, ಮೋಟಾರುಗಳು ಉಗುಳುವ ಹೈಡ್ರೋಕಾರ್ಬನ್ನುಗಳೂ ನೈಟ್ರೋಜನ್ ಆಕ್ಸೈಡುಗಳೂ ಸೂರ್ಯನ ಬೆಳಕಿನಲ್ಲಿ ಪರಸ್ಪರ ವರ್ತಿಸಿ ಈ ಹೊಗೆಯನ್ನು ಹುಟ್ಟಿಸುತ್ತವೆಂದು 1950ರ ದಶಕದ ಆರಂಭದಲ್ಲಿ ತೋರಿಸಿಕೊಟ್ಟರು. ಇಂದು ನಮ್ಮ ಕಾರುಗಳ ಸ್ಟಿಯರಿಂಗಿನ ಕೆಳಗೆ ಅಡಗಿರುವ ಹದಿನಾರು ರಂಧ್ರಗಳ ಕನೆಕ್ಟರಿನ ಚರಿತ್ರೆ ಆರಂಭವಾಗುವುದು ಈ ಹೊಗೆಯಿಂದಲೇ ಎಂಬುದನ್ನು ಬಲ್ಲವರು ವಿರಳ.

ಅದಕ್ಕೆ ಮುನ್ನ ವಾಹನದ ರೋಗನಿದಾನವು ಇಂದ್ರಿಯಗಳ ಕೆಲಸವಾಗಿದ್ದಿತು. ಕಾರ್ಬ್ಯುರೇಟರು ಅತಿಯಾಗಿ ಪೆಟ್ರೋಲು ಬಿಟ್ಟರೆ ಹೊಗೆ ಕಪ್ಪಾಗುತ್ತಿತ್ತು, ಪ್ಲಗ್ಗಿನ ತುದಿಗೆ ಮಸಿ ಹಿಡಿಯುತ್ತಿತ್ತು. ಪಾಯಿಂಟುಗಳ ಅಂತರ ತಪ್ಪಿದರೆ ಎಂಜಿನ್ನು ಮಿಸ್ ಹೊಡೆಯುತ್ತಿತ್ತು. ಅನುಭವಿಯಾದ ಮೆಕ್ಯಾನಿಕನಿಗೆ ಇದಕ್ಕಿಂತ ಹೆಚ್ಚಿನ ಸಾಕ್ಷ್ಯ ಬೇಕಾಗಿರಲಿಲ್ಲ. 1967ರಲ್ಲಿ ಜರ್ಮನಿಯ ಬಾಷ್ ಸಂಸ್ಥೆಯ ಡಿ-ಜೆಟ್ರಾನಿಕ್ ಎಂಬ ವಿದ್ಯುನ್ಮಾನ ಇಂಧನ ವ್ಯವಸ್ಥೆ ಫೋಕ್ಸ್‌ವ್ಯಾಗನ್ ಕಾರಿನೊಳಗೆ ಬಂದ ಮೇಲೆ, ಪೆಟ್ರೋಲಿನ ಪ್ರಮಾಣವನ್ನು ನಿರ್ಣಯಿಸುವ ಅಧಿಕಾರ ಮುಚ್ಚಿದ ಪೆಟ್ಟಿಗೆಯೊಂದರ ಪಾಲಾಯಿತು. ಅದರೊಳಗಿನ ತಪ್ಪು ಕಿವಿಗೂ ಕೇಳಿಸದು, ಮೂಗಿಗೂ ತಿಳಿಯದು. ಆದಕಾರಣ, ತನ್ನ ದೋಷವನ್ನು ತಾನೇ ಹೇಳಬಲ್ಲ ಯಂತ್ರವೊಂದರ ಅಗತ್ಯ ತಲೆದೋರಿತು.

ಆ ಯಂತ್ರದ ಮೊದಲ ನುಡಿ ದೀಪದ ಮಿಣುಕು. 1980ರ ದಶಕದ ಆರಂಭದ ಜನರಲ್ ಮೋಟಾರ್ಸ್ ಕಾರುಗಳಲ್ಲಿ, ಡ್ಯಾಶ್‌ಬೋರ್ಡಿನ ಕೆಳಗಿನ ಕನೆಕ್ಟರಿನ ಎರಡು ನಿರ್ದಿಷ್ಟ ಸಂದುಗಳನ್ನು ತಂತಿಯ ತುಂಡಿನಿಂದ ಸೇರಿಸಿ, ಎಂಜಿನ್ನನ್ನು ಚಾಲೂ ಮಾಡದೆ ಕೀಲಿಯನ್ನಷ್ಟೇ ತಿರುಗಿಸಿದರೆ, ಎಚ್ಚರಿಕೆಯ ದೀಪ ಒಮ್ಮೆ ಮಿನುಗಿ, ಕ್ಷಣಕಾಲ ತಡೆದು, ಮತ್ತೆರಡು ಬಾರಿ ಮಿನುಗುತ್ತಿತ್ತು. ಇದು 12 ಎಂಬ ಸಂಖ್ಯೆ; ಎಂಜಿನ್ನು ತಿರುಗುತ್ತಿಲ್ಲವೆಂಬುದಷ್ಟೇ ಅದರ ಅರ್ಥವಾದರೂ, ಪರೀಕ್ಷಾವ್ಯವಸ್ಥೆ ಎಚ್ಚರವಾಗಿದೆಯೆಂಬ ಭರವಸೆಯೂ ಅದರಲ್ಲಿದ್ದಿತು. ಮೂರು ಸಲ ಅದನ್ನೇ ಹೇಳಿ, ತರುವಾಯ ನೆನಪಿನಲ್ಲಿಟ್ಟುಕೊಂಡ ದೋಷಗಳನ್ನು ತಲಾ ಮೂರು ಸಲ ಒಪ್ಪಿಸುತ್ತಿತ್ತು: 13 ಬಂದರೆ ಆಕ್ಸಿಜನ್ ಸೆನ್ಸರು, 14 ಬಂದರೆ ಕೂಲಂಟಿನ ಉಷ್ಣಮಾಪಕ. ಬೇರೆ ಕಂಪನಿಯ ಕಾರಿಗಾದರೋ ಬೇರೆ ಕನೆಕ್ಟರು, ಬೇರೆ ಸಂಖ್ಯೆ, ಬೇರೆ ಪುಸ್ತಕ.

ಈ ಅರಾಜಕತೆಯನ್ನು ಕೊನೆಗಾಣಿಸಿದ್ದು ತಯಾರಕರ ಔದಾರ್ಯವಲ್ಲ, ಕಾನೂನು. ಹಾಗನ್-ಸ್ಮಿಟ್ ಅವರೇ ಮೊದಲ ಅಧ್ಯಕ್ಷರಾಗಿದ್ದ ಕ್ಯಾಲಿಫೋರ್ನಿಯದ ವಾಯುಸಂಪನ್ಮೂಲ ಮಂಡಲಿ, ಹೊಗೆಯನ್ನು ತಡೆಯುವ ಸಾಧನಗಳು ಹೊಸ ಕಾರಿನಲ್ಲಿ ಚೆನ್ನಾಗಿದ್ದರಷ್ಟೇ ಸಾಲದು, ರಸ್ತೆಯಲ್ಲಿ ಸವೆದ ಮೇಲೂ ಕೆಲಸ ಮಾಡುತ್ತಿರಬೇಕೆಂಬುದನ್ನು ಮನಗಂಡು, 1988ರ ಮಾದರಿಯ ಕಾರುಗಳಿಂದ ‘ಒಬಿಡಿ’ ಎಂಬ ಸ್ವಯಂಪರೀಕ್ಷೆಯನ್ನು ಕಡ್ಡಾಯಗೊಳಿಸಿತು. ಅದರ ಎರಡನೆಯ ಹಂತವಾದ ಒಬಿಡಿ-2, 1996ರ ಮಾದರಿಗಳಿಂದ ಅಮೆರಿಕದಲ್ಲೆಲ್ಲ ಜಾರಿಗೆ ಬಂದಿತು: ಎಲ್ಲ ಕಾರುಗಳಿಗೂ ಒಂದೇ ಆಕಾರದ ಕನೆಕ್ಟರು, ಸಾಮಾನ್ಯ ದೋಷಗಳಿಗೆಲ್ಲ ಒಂದೇ ಬಗೆಯ ಸಂಕೇತ. ಬೀದಿಬದಿಯ ಗ್ಯಾರೇಜಿನವನೂ ಒಂದೇ ಸ್ಕ್ಯಾನರಿನಿಂದ ಯಾವ ಕಂಪನಿಯ ವಾಹನವನ್ನಾದರೂ ವಿಚಾರಿಸಬಲ್ಲವನಾದನು. ಇದು ಸಾಮಾನ್ಯ ಲಾಭವಲ್ಲ.

ಇದೇ ಅವಧಿಯಲ್ಲಿ ಕಾರಿನ ಒಳಮೈ ಬೇರೊಂದು ಸಂಕಟಕ್ಕೆ ಸಿಲುಕಿದ್ದಿತು. ಎಂಜಿನ್ನು, ಗೇರು, ಬ್ರೇಕುಗಳಿಗೆ ಒಂದೊಂದು ನಿಯಂತ್ರಕ ಪೆಟ್ಟಿಗೆ ಬಂದು, ಅವು ಪರಸ್ಪರ ಸುದ್ದಿ ಮುಟ್ಟಿಸಲು ಪ್ರತಿಯೊಂದು ಸುದ್ದಿಗೂ ಪ್ರತ್ಯೇಕ ತಂತಿಯನ್ನೆಳೆಯಬೇಕಾಗಿ, ವೈರಿಂಗಿನ ಹೊರೆ ಬೆಳೆಯುತ್ತಲೇ ಹೋಯಿತು. 1983ರಲ್ಲಿ ಬಾಷ್ ಸಂಸ್ಥೆಯ ಎಂಜಿನಿಯರುಗಳು ಈ ಸಮಸ್ಯೆಯನ್ನು ಕೈಗೆತ್ತಿಕೊಂಡು, ಎಲ್ಲ ಪೆಟ್ಟಿಗೆಗಳೂ ಹೆಣೆದ ಎರಡೇ ತಂತಿಗಳ ಮೇಲೆ ಮಾತಾಡುವ ‘ಕ್ಯಾನ್’ ಪದ್ಧತಿಯನ್ನು ರೂಪಿಸಿ, 1986ರ ಫೆಬ್ರವರಿಯಲ್ಲಿ ಡೆಟ್ರಾಯಿಟಿನ ಸಮ್ಮೇಳನದಲ್ಲಿ ಅದನ್ನು ಪ್ರಕಟಿಸಿದರು. ಮರುವರ್ಷವೇ ಇಂಟೆಲ್ ಅದಕ್ಕೆ ಚಿಪ್ಪನ್ನು ತಯಾರಿಸಿತು. ಮರ್ಸಿಡಿಸ್‌ನ ದೊಡ್ಡ ಕಾರುಗಳು 1990ರ ದಶಕದ ಆರಂಭದಲ್ಲಿ ಅದನ್ನು ಅಳವಡಿಸಿಕೊಂಡವು. 1993ರಲ್ಲಿ ಅದು ಅಂತರರಾಷ್ಟ್ರೀಯ ಮಾನಕವಾಯಿತು.

ಈ ಪದ್ಧತಿ ತಂತಿಗಳನ್ನು ಉಳಿಸಿದ್ದನ್ನೇ ಎಲ್ಲರೂ ಹೊಗಳುವರು. ನನ್ನ ಮಟ್ಟಿಗೆ ಅದರ ನಿಜವಾದ ಹಿರಿಮೆ ದೋಷವನ್ನು ಅದು ನಡೆಸಿಕೊಳ್ಳುವ ರೀತಿಯಲ್ಲಿದೆ. ಅಧ್ಯಕ್ಷನಿಲ್ಲದ ಸಭೆಯೊಂದರಲ್ಲಿ ಪ್ರತಿಯೊಬ್ಬ ಸದಸ್ಯನೂ ತನ್ನ ತಪ್ಪುಗಳ ಲೆಕ್ಕವನ್ನು ತಾನೇ ಬರೆದಿಟ್ಟು, ಮಿತಿಮೀರಿದೊಡನೆ ತಾನಾಗಿಯೇ ಹೊರನಡೆಯುವುದನ್ನು ಕಲ್ಪಿಸಿಕೊಂಡರೆ ಈ ಏರ್ಪಾಡು ತಿಳಿದೀತು. ಕಳುಹಿಸುವ ಪೆಟ್ಟಿಗೆ ತಾನು ನುಡಿದುದನ್ನೇ ತಂತಿಯಿಂದ ಮರಳಿ ಆಲಿಸಿ ಹೋಲಿಸುತ್ತದೆ. ಕೇಳುವವುಗಳಲ್ಲಿ ಯಾವುದೇ ಒಂದಕ್ಕೆ ಸಂದೇಶ ಅಶುದ್ಧವೆನಿಸಿದರೂ ಅದು ತಕ್ಷಣ ಆಕ್ಷೇಪದ ಸಂಕೇತವನ್ನೆತ್ತಿ, ಆ ಸಂದೇಶವನ್ನು ಎಲ್ಲರೂ ತಿರಸ್ಕರಿಸುವಂತೆ ಮಾಡುತ್ತದೆ. ಆಗ ಕಳುಹಿಸಿದ ಪೆಟ್ಟಿಗೆಯ ಖಾತೆಗೆ 8 ಅಂಕಗಳು ಸೇರುತ್ತವೆ. ಒಂದು ಸಂದೇಶ ನಿರ್ವಿಘ್ನವಾಗಿ ತಲುಪಿದರೆ ಒಂದೇ ಅಂಕ ಇಳಿಯುತ್ತದೆ. ಲೆಕ್ಕ 128ನ್ನು ಮುಟ್ಟಿದರೆ ಪರರ ಮಾತನ್ನು ಕೆಡಿಸುವಂತೆ ಆಕ್ಷೇಪಿಸುವ ಹಕ್ಕನ್ನು ಆ ಪೆಟ್ಟಿಗೆ ಕಳೆದುಕೊಳ್ಳುತ್ತದೆ. 256ಕ್ಕೆ ಏರಿದರೆ ತಂತಿಯಿಂದಲೇ ದೂರ ಸರಿದು ಮೌನವಾಗುತ್ತದೆ.

ಇಲ್ಲಿ ಇನ್ನೂ ಸೂಕ್ಷ್ಮವಾದೊಂದು ವಿವೇಕವಿದೆ. ತಪ್ಪು ನಿಜವಾಗಿ ತಂತಿಯಲ್ಲಿದ್ದರೆ ಎಲ್ಲ ಪೆಟ್ಟಿಗೆಗಳೂ ಏಕಕಾಲದಲ್ಲಿ ಆಕ್ಷೇಪಿಸುತ್ತವೆ. ಒಂದೇ ಪೆಟ್ಟಿಗೆಯ ಕಿವಿ ಕೆಟ್ಟಿದ್ದರೆ ಅದು ಮೊದಲು ಆಕ್ಷೇಪಿಸಿ, ಉಳಿದವು ಅದಕ್ಕೆ ಪ್ರತಿಯಾಗಿ ತಡವಾಗಿ ದನಿಗೂಡಿಸುತ್ತವೆ. ತನ್ನ ಆಕ್ಷೇಪ ಮುಗಿದ ಮೇಲೂ ಇತರರ ಸಂಕೇತ ಮುಂದುವರಿದುದನ್ನು ಕಂಡ ಪೆಟ್ಟಿಗೆ, ದೋಷ ತನ್ನಲ್ಲೇ ಇರಬಹುದೆಂದು ಬಗೆದು ತನಗೆ ತಾನೇ ಹೆಚ್ಚಿನ ದಂಡವನ್ನು ವಿಧಿಸಿಕೊಳ್ಳುತ್ತದೆ. ಮರುನುಡಿಯುವವರೇ ಇಲ್ಲದೆ ಒಂಟಿಯಾಗಿ ಉಳಿದ ಪೆಟ್ಟಿಗೆಗಾದರೋ ರಿಯಾಯಿತಿಯುಂಟು: ಉತ್ತರ ಬಾರದ ಕಾರಣದಿಂದ ಅದರ ಲೆಕ್ಕ 128ರ ಆಸುಪಾಸಿಗೆ ಏರಿ ಅಲ್ಲಿಯೇ ನಿಲ್ಲುತ್ತದೆ, ಬಹಿಷ್ಕಾರದವರೆಗೆ ಹೋಗದು. ಇಷ್ಟು ನ್ಯಾಯಬುದ್ಧಿಯನ್ನು ನಿರ್ಜೀವವಾದ ಚಿಪ್ಪಿನೊಳಗೆ ತುಂಬಿದವರ ಬಗ್ಗೆ ನನಗೆ ತುಂಬು ಗೌರವವಿದೆ.

2008ರ ಮಾದರಿಗಳಿಂದ ಅಮೆರಿಕದಲ್ಲಿ ಒಬಿಡಿ ಕನೆಕ್ಟರಿಗೂ ಕ್ಯಾನ್ ಭಾಷೆಯೇ ಕಡ್ಡಾಯವಾಗಿ, ಎರಡು ಪ್ರವಾಹಗಳೂ ಕೂಡಿದವು. ಜಾಲದ ದೋಷಗಳಿಗೆ ಯು ಅಕ್ಷರದ ಸಂಕೇತಗಳು ಮೀಸಲು. ಯು 0100 ಎಂದರೆ ಎಂಜಿನ್ನಿನ ನಿಯಂತ್ರಕದೊಡನೆ ಸಂಪರ್ಕ ತಪ್ಪಿದೆಯೆಂದು ಅರ್ಥ. ಗಮನಿಸತಕ್ಕ ಮಾತೆಂದರೆ, ಇದು ಮೌನವನ್ನು ವರದಿ ಮಾಡುತ್ತದೆಯೇ ಹೊರತು ಮೌನದ ಕಾರಣವನ್ನಲ್ಲ. ಸೋತ ಬ್ಯಾಟರಿ, ತುಕ್ಕುಹಿಡಿದ ಅರ್ತಿಂಗು, ಸುಟ್ಟ ಫ್ಯೂಸು, ಮಳೆಗಾಲದಲ್ಲಿ ನೀರಿಳಿದ ಕನೆಕ್ಟರು, ಇಲಿ ಕಡಿದ ತಂತಿ — ಎಲ್ಲದರ ಫಲವೂ ಇದೊಂದೇ ಸಂಕೇತವಾಗಿ ತೋರಬಹುದು. ಸಂಕೇತವನ್ನು ಓದಿದೊಡನೆಯೇ ಬೆಲೆಬಾಳುವ ನಿಯಂತ್ರಕವನ್ನೇ ಬದಲಿಸುವುದು ಗ್ರಾಹಕನಿಗೆ ಬಗೆಯುವ ಅನ್ಯಾಯ.

ಬಲ್ಲ ಮೆಕ್ಯಾನಿಕನು ಮಾಡುವುದೇ ಬೇರೆ. ಬ್ಯಾಟರಿಯ ಸಂಪರ್ಕವನ್ನು ತೆಗೆದು, ಮಲ್ಟಿಮೀಟರಿನ ಕಡ್ಡಿಗಳನ್ನು ಕನೆಕ್ಟರಿನ 6 ಮತ್ತು 14ನೆಯ ರಂಧ್ರಗಳಿಗೆ ಮುಟ್ಟಿಸುತ್ತಾನೆ. ಜಾಲದ ಎರಡು ತುದಿಗಳಲ್ಲಿಯೂ 120 ಓಮ್‌ಗಳ ಪ್ರತಿರೋಧಕಗಳಿರುವುದರಿಂದ, ಆ ರಂಧ್ರಗಳು ನೇರವಾಗಿ ಅದೇ ಜಾಲಕ್ಕೆ ಸೇರಿರುವ ಕಾರಿನಲ್ಲಿ ಸುಮಾರು 60 ಓಮ್ ಬಂದರೆ ತಂತಿ ತುದಿಯಿಂದ ತುದಿಗೆ ಅಖಂಡ. 120 ಬಂದರೆ ಒಂದು ತುದಿ ಕಳಚಿದೆ. ಸೊನ್ನೆಯ ಸಮೀಪಕ್ಕೆ ಇಳಿದರೆ ಎರಡು ತಂತಿಗಳೂ ಎಲ್ಲೋ ಒಂದನ್ನೊಂದು ಮುಟ್ಟಿವೆ. ಆ ಬಳಿಕ ಪೆಟ್ಟಿಗೆಗಳನ್ನು ಒಂದೊಂದಾಗಿ ಬಿಡಿಸುತ್ತ, ಯಾವುದು ಬಿಟ್ಟಾಗ ಜಾಲ ಚೇತರಿಸಿಕೊಳ್ಳುವುದೆಂದು ನೋಡುತ್ತ ಹೋಗುವುದು. ಈ ತಾಳ್ಮೆಗೆ ಪರ್ಯಾಯವಿಲ್ಲ.

ಭಾರತದಲ್ಲಿ ಒಬಿಡಿಯ ಮೊದಲ ಹಂತ 2010ರ ಏಪ್ರಿಲಿನಲ್ಲಿಯೂ ಎರಡನೆಯದು 2013ರ ಏಪ್ರಿಲಿನಲ್ಲಿಯೂ ಕಾರುಗಳಿಗೆ ಅನ್ವಯವಾದವು. 1951ರಲ್ಲಿ ಸ್ಥಾಪನೆಯಾಗಿ ಮೈಕೋ ಎಂಬ ಹೆಸರಿನಲ್ಲಿ ಪ್ಲಗ್ಗುಗಳನ್ನೂ ಡೀಸೆಲ್ ಪಂಪುಗಳನ್ನೂ ತಯಾರಿಸಿದ ಬಾಷ್ ಪರಿವಾರದ ಕಂಪನಿಯಿರುವ ಬೆಂಗಳೂರಿನಲ್ಲಿಯೇ ಇಂದು ವಾಹನಗಳ ತಂತ್ರಾಂಶವೂ ದೊಡ್ಡ ಪ್ರಮಾಣದಲ್ಲಿ ಸಿದ್ಧವಾಗುತ್ತಿದೆ.

ಈಚೆಗೆ ಬೇರೊಂದು ಗಾಳಿ ಬೀಸುತ್ತಿದೆ. 2015ರಲ್ಲಿ ಅಮೆರಿಕದ ಇಬ್ಬರು ಸಂಶೋಧಕರು ಓಡುತ್ತಿದ್ದ ಜೀಪೊಂದನ್ನು ದೂರದಿಂದಲೇ ವಶಪಡಿಸಿಕೊಂಡು, ಕ್ಯಾನ್ ಜಾಲವು ನುಡಿದವರು ಯಾರೆಂದು ವಿಚಾರಿಸದೆ ನಂಬುತ್ತದೆಂಬುದನ್ನು ಲೋಕಕ್ಕೆ ತೋರಿದ ಮೇಲೆ, ಹಲವು ತಯಾರಕರು ಕನೆಕ್ಟರಿಗೂ ಜಾಲಕ್ಕೂ ನಡುವೆ ಬೀಗದ ಬಾಗಿಲನ್ನಿಟ್ಟರು. ಕಳ್ಳನಿಗೆ ಬಾಗಿಲು ಮುಚ್ಚಬೇಕಾದುದು ನ್ಯಾಯವೇ. ಆದರೆ ಬೀಗದ ಕೈ ತಯಾರಕನೊಬ್ಬನಲ್ಲಿಯೇ ಉಳಿದರೆ, ಕ್ಯಾಲಿಫೋರ್ನಿಯದ ಕಾನೂನು ಗ್ಯಾರೇಜಿನವನಿಗೆ ಕೊಡಿಸಿದ ಹಕ್ಕು ಕೈಜಾರುವುದು. 2020ರಲ್ಲಿ ಮಸಾಚುಸೆಟ್ಸ್ ರಾಜ್ಯದ ಮತದಾರರು ದುರಸ್ತಿಯ ಹಕ್ಕಿನ ಪರವಾಗಿ ಬಹುಮತದ ತೀರ್ಪನ್ನಿತ್ತರು. ನಮ್ಮ ಕೇಂದ್ರ ಸರ್ಕಾರವೂ 2022ರಲ್ಲಿ ಈ ಹಕ್ಕನ್ನು ಪರಿಶೀಲಿಸಲು ಸಮಿತಿಯೊಂದನ್ನು ನೇಮಿಸಿ, ಮೋಟಾರು ವಾಹನಗಳನ್ನು ಅದರ ವ್ಯಾಪ್ತಿಗೆ ಸೇರಿಸಿತು; ಬೆಂಗಳೂರಿನ ಜೆ.ಸಿ. ರಸ್ತೆಯ ಸಣ್ಣ ಗ್ಯಾರೇಜುಗಳ ಅನ್ನವೂ ಅದರ ನಿರ್ಣಯವನ್ನು ಅವಲಂಬಿಸಿದೆ.